ಯೋಚನೆಗೆ ಬೀಳುವ ವಂಶ

ಗಂಡನ ಮೇಲೆ ದೂರು ಹೇಳಲು ಕಂಡಕ್ಟರಮ್ಮನಿಗೆ ಯಾವತ್ತೂ ವಿಷಯದ ಬರವಿರಲಿಲ್ಲ. ಗೊರಕೆ ಹೊಡೆಯುತ್ತಾನೆ, ಒದ್ದೆ ಟವೆಲ್ಲನ್ನು ಹಾಸಿಗೆ ಮೇಲೆ ಎಸೆಯುತ್ತಾನೆ, ಕತ್ತರಿಯನ್ನು ಕೈಯಲ್ಲೇ ಹಿಡಿದುಕೊಂಡು ‘ಕತ್ತರಿ ಎಲ್ಲಿ’ ಎಂದು ಮನೆಯೆಲ್ಲ ಹುಡುಕುತ್ತಾನೆ. ಆದರೆ ಇವೆಲ್ಲ ಚಿಲ್ಲರೆ ದೂರುಗಳು. (ಚಿಲ್ಲರೆಯ ಮರ್ಮ ಬಸ್ ಕಂಡಕ್ಟರಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು?) ಇಡೀ ನೋಟಿನಂಥ ದೂರು ಒಂದೇ ಒಂದು. ಮದುವೆಗೆ ಮುಂಚೆ ಗಂಡಿನ ಕಡೆಯವರು ಒಂದು ವಿಷಯವನ್ನು ತನ್ನಿಂದ ಮುಚ್ಚಿಟ್ಟರು ಎಂಬುದು.

“ಮುಚ್ಚಿಡಲಿಲ್ಲ ಕಣೇ. ಸಂಬಂಧ ಮಾತಾಡೋಕೆ ಬಂದ ದಿನವೇ ಹೇಳಿದ್ವಿ,” ಎನ್ನುತ್ತಾನೆ ಟೈಲರಪ್ಪ. ಅಂದರೆ ಅವಳ ಗಂಡ. ಮುಖ್ಯರಸ್ತೆಯಲ್ಲಿ ಪುಟ್ಟ ಹೊಲಿಗೆ ಅಂಗಡಿ ಇಟ್ಟುಕೊಂಡವನು.

ಹೇಳಿದ್ದು ನಿಜವೇ. ಅವತ್ತು ಟೈಲರಪ್ಪನ ಸೋದರತ್ತೆ ಟೀ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, “ನಮ್ಮದು ಬಹಳ ಸೂಕ್ಷ್ಮದ ಮನೆತನ. ನಮ್ಮ ಗಂಡಸರು ಆಗಾಗ ಯೋಚನೆಗೆ ಬೀಳ್ತಾರೆ. ಹುಡುಗಿ ಸ್ವಲ್ಪ ಅರ್ಥ ಮಾಡ್ಕೊಂಡು ಹೋಗಬೇಕು,” ಎಂದಿದ್ದರು. ಹುಡುಗಿ ಚೆನ್ನಾಗಿಯೇ ಅರ್ಥ ಮಾಡಿಕೊಂಡಳು. ತಾನು ತತ್ವಜ್ಞಾನಿಗಳ ಮನೆಗೆ ಸೊಸೆಯಾಗಿ ಹೋಗುತ್ತಿದ್ದೇನೆ ಎಂದುಕೊಂಡಳು. ಕಿಟಕಿ ಪಕ್ಕ ಗಲ್ಲಕ್ಕೆ ಕೈಕೊಟ್ಟು ಆಕಾಶ ನೋಡುವ ಮಾವ, ಸೃಷ್ಟಿಯ ರಹಸ್ಯವನ್ನು ಬಿಡಿಸುತ್ತ ಬಿಡಿಸುತ್ತಲೇ ಗುಂಡಿ ಹೊಲಿಯುವ ಗಂಡ. ಇಂಥ ಚಿತ್ರ ಅವಳ ಮನಸ್ಸಿನಲ್ಲಿತ್ತು.

ಮದುವೆಯಾಗಿ ವಾರ ತುಂಬುವ ಮೊದಲೇ ಮಾವ ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರು. ಬಂದದ್ದು ಸಾಸಿವೆಕಾಳಿನಷ್ಟು ರಕ್ತ. ಮಾವ ಅದನ್ನು ನೋಡಿದರು, ಒಮ್ಮೆ ಆಕಳಿಸಿದರು, ಸುಣ್ಣದ ಗೋಡೆಯಂತೆ ಬಿಳುಚಿದರು, ಆಮೇಲೆ ಅಡುಗೆಮನೆಯ ನೆಲಕ್ಕೆ ದೊಪ್ಪೆಂದು ಉರುಳಿದರು. ಹೊಸ ಸೊಸೆ ಬೀದಿಗೆ ಕೇಳುವಂತೆ ಕಿರುಚಿದಳು. ಅತ್ತೆ ಮಾತ್ರ ಸಾವಕಾಶವಾಗಿ ಒಳಗೆ ಬಂದು, “ಗಾಬರಿಯಾಗಬೇಡಮ್ಮ, ನಿಮ್ಮಾವ ಯೋಚನೆಗೆ ಬಿದ್ದಿದ್ದಾರೆ ಅಷ್ಟೆ,” ಎಂದು ತರಕಾರಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಆ ಮನೆಯಲ್ಲಿ ಯಾರೂ ಎಚ್ಚರ ತಪ್ಪಿ ಬೀಳುತ್ತಿರಲಿಲ್ಲ. ಎಲ್ಲರೂ ಯೋಚನೆಗೇ ಬೀಳುತ್ತಿದ್ದರು. ಬಿದ್ದವರಿಗೆ ಉಪಚಾರವೂ ಗೊತ್ತಾದದ್ದೇ. ಮನೆಯ ಯಜಮಾನರು ನೆಲದ ಮೇಲೆ ಬಿದ್ದಿರುವುದು ಮರ್ಯಾದೆಯಲ್ಲ ಎಂದು ಇಬ್ಬರು ಕಂಕುಳಿಗೆ ಕೈಹಾಕಿ ಎತ್ತಿ, ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಬೆನ್ನಿಗೊಂದು ದಿಂಬು ಕೊಟ್ಟು ಹಿಡಿದುಕೊಳ್ಳುತ್ತಿದ್ದರು. ಮಾವ ಕಣ್ಣು ಬಿಡುತ್ತಿದ್ದರು, ತಮ್ಮನ್ನು ಹಿಡಿದುಕೊಂಡವರನ್ನು ನೋಡುತ್ತಿದ್ದರು, ಮತ್ತೆ ಕತ್ತು ವಾಲಿಸುತ್ತಿದ್ದರು. “ಇವತ್ತು ಆಳವಾದ ಯೋಚನೆ,” ಎಂದು ಮನೆಯವರು ಇನ್ನೂ ನೆಟ್ಟಗೆ ಕೂರಿಸುತ್ತಿದ್ದರು.

ಟೈಲರಪ್ಪ ತಂದೆಗೆ ತಕ್ಕ ಮಗ. ಹಗಲೆಲ್ಲ ಸೂಜಿಯ ಜೊತೆಗೇ ಬದುಕು, ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಗಳ ಹತ್ತಿರ ಹರಟುವ ಶೂರ. ಆದರೆ ಆ ಸೂಜಿ ಡಾಕ್ಟರ ಕೈಗೆ ಹೋದರೆ ಮುಗಿಯಿತು. ಒಮ್ಮೆ ಬಡಾವಣೆಯವರೆಲ್ಲ ಲಸಿಕೆಗೆ ಸಾಲು ನಿಂತಿದ್ದಾಗ, ಮುಂದಿದ್ದವನ ತೋಳಿಗೆ ಚುಚ್ಚಿದ್ದನ್ನು ನೋಡಿಯೇ ಇವನು ಹಿಂದಿದ್ದವರ ಮೇಲೆ ಒರಗಿ, ಅವರು ಅವರ ಹಿಂದಿದ್ದವರ ಮೇಲೆ ಒರಗಿ, ಸಾಲಿಗೆ ಸಾಲೇ ಅಂಗಳದಲ್ಲಿ ಮಲಗಿತ್ತು. ಮನೆಗೆ ಬಂದ ಮೇಲೆ, “ನಾನು ಬೀಳಲಿಲ್ಲ, ನೆಲವೇ ಎದ್ದು ಬಂತು,” ಎಂದು ವಾದಿಸಿದ.

“ನಮ್ಮ ವಂಶ ನೋಡ್ರೀ!” ಎಂದಳು ಕಂಡಕ್ಟರಮ್ಮ. ಇದು ಅವಳ ಬತ್ತಳಿಕೆಯ ಮುಖ್ಯ ಬಾಣ. “ಓಡೋ ಬಸ್ಸಲ್ಲಿ ಕೈಬಿಟ್ಟು ನಿಂತು ಟಿಕೆಟ್ ಹರಿಯೋಳು ನಾನು. ಒಂದು ದಿನ ವಾಲಿಲ್ಲ. ನಮ್ಮಮ್ಮ, ನಮ್ಮ ಸೋದರಮಾವಂದಿರು, ನಮ್ಮಜ್ಜಿ, ಎಲ್ಲ ಕಲ್ಲುಕಂಬಗಳು. ನಮ್ಮ ಕಡೆಯೋರಿಗೆ ಸೆಖೆ ಒಂದು ತಡೆಯೋಲ್ಲ ಅನ್ನೋದು ಬಿಟ್ರೆ ಬೇರೆ ಯಾವ ಐಬೂ ಇಲ್ಲ.” ಹೀಗೆಂದು ಅವಳು ಟೇಬಲ್ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಂಡಳು. ಅದು ಮದುವೆಗೆ ಮಾವ ತಮ್ಮ ಕೈಯಾರೆ ಕೊಟ್ಟ ಉಡುಗೊರೆ. ಗರಗರ ಸದ್ದು ಮಾಡುತ್ತ ಇನ್ನೂ ತಿರುಗುತ್ತಿತ್ತು.

ಇದೆಲ್ಲ ಗಂಡ ಹೆಂಡಿರ ಮಾಮೂಲಿ ಜಗಳವಾಗಿ ಉಳಿದಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಒಬ್ಬಳೇ ಮಗಳು ನರ್ಸಿಂಗ್ ಶಾಲೆ ಸೇರಿದಳು. ಚಿಕ್ಕಂದಿನಲ್ಲೇ ಅಪ್ಪನ ಅಳತೆಪಟ್ಟಿಯನ್ನು ಬ್ಯಾಂಡೇಜ್ ಮಾಡಿ ಬೊಂಬೆಗಳಿಗೆ ಸುತ್ತುತ್ತಿದ್ದ ಹುಡುಗಿ. ನರ್ಸ್ ಆಗುವುದು ಬಿಟ್ಟು ಅವಳಿಗೆ ಬೇರೆ ಕನಸೇ ಇರಲಿಲ್ಲ. ಮಗಳು ಬಿಳಿ ಸಮವಸ್ತ್ರ ತೊಟ್ಟು ತನ್ನ ಬಸ್ಸು ಹತ್ತಿದ ದಿನ ಕಂಡಕ್ಟರಮ್ಮ ಒಬ್ಬೊಬ್ಬ ಪ್ರಯಾಣಿಕನಿಗೂ ಟಿಕೆಟ್ಟಿನ ಜೊತೆ ಆ ಸುದ್ದಿಯನ್ನೂ ಹರಿದು ಕೊಟ್ಟಿದ್ದಳು.

ರಕ್ತ ತೆಗೆಯುವುದನ್ನು ಕಲಿಸುವ ಮೊದಲ ಪಾಠದಲ್ಲೇ ಮಗಳು ಸಿರಿಂಜಿನ ತಟ್ಟೆಯ ಸಮೇತ ಕೆಳಗೆ ಬಿದ್ದಳು. ಎರಡನೆಯ ಪಾಠದಲ್ಲಿ ತಟ್ಟೆಯನ್ನು ಮೇಜಿನ ಮೇಲಿಟ್ಟೇ ಬಿದ್ದಳು. (ಅಷ್ಟರಮಟ್ಟಿಗೆ ಪ್ರಗತಿ.) ಶಾಲೆಯ ಮೇಟ್ರನ್ ಕನ್ನಡಕದ ಮೇಲಿಂದ ನೋಡಿ ಹೇಳಿದರು: “ತಿಂಗಳ ಕೊನೆಗೆ ಪರೀಕ್ಷೆ. ಅವತ್ತೂ ಬಿದ್ರೆ ಬೇರೆ ಓದು ನೋಡ್ಕೊಮ್ಮ. ರೋಗಿ ಮಂಚದ ಮೇಲಿರಬೇಕು, ನರ್ಸ್ ನಿಂತಿರಬೇಕು. ಇಬ್ರೂ ಮಲಗಿದ್ರೆ ಆಸ್ಪತ್ರೆ ನಡೆಯಲ್ಲ.”

ಮಗಳು ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೂ ಏಳಲಿಲ್ಲ. ಕಂಡಕ್ಟರಮ್ಮನ ಬಾಯಲ್ಲಿ ಬೆಂಕಿ.

“ನೋಡಿದ್ರಾ? ನಿಮ್ಮ ಯೋಚನೆ ನನ್ನ ಮಗಳ ತಲೆಗೂ ಇಳೀತು! ಆಸ್ತಿ ಅಂತ ಒಂದು ತುಂಡು ಜಾಗ ಕೊಡ್ಲಿಲ್ಲ ನಿಮ್ಮಪ್ಪ. ಕೊಟ್ಟಿದ್ದು ಇದು!”

“ಅವಳ ಮೂಗು ನಿಂದು, ಜಡೆ ನಿಂದು, ಜಾಣತನ ನಿಂದು ಅಂತೀಯ. ಬಿದ್ದ ತಕ್ಷಣ ಮಗಳು ನನ್ನವಳಾದಳಾ?” ಎಂದ ಟೈಲರಪ್ಪ. ಆದರೆ ಅವನ ದನಿಯಲ್ಲಿ ಎಂದಿನ ಕಸುವಿರಲಿಲ್ಲ. ಮಗಳು ಮಲಗಿದ್ದ ಕೋಣೆಯ ಬಾಗಿಲನ್ನೇ ನೋಡುತ್ತಿದ್ದ. ತನ್ನಿಂದಾಗಿ ಹುಡುಗಿಯ ಕನಸು ಒಡೆಯಿತಲ್ಲ ಎಂದು ಅವನು ನಿಜಕ್ಕೂ ನೊಂದಿದ್ದ. ಅದನ್ನು ಕಂಡು ಕಂಡಕ್ಟರಮ್ಮ ಉಳಿದ ಬೈಗುಳವನ್ನು ನಾಳೆಗೆ ಮೀಸಲಿಟ್ಟಳು.

ಮರುದಿನ ಅಪ್ಪ, ಮಗಳು ಇಬ್ಬರನ್ನೂ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಅವರು ಮಗಳ ಎದೆಗೆ ವೈರು ಅಂಟಿಸಿ ಪರೀಕ್ಷೆ ಮಾಡಿ, ಹೃದಯಕ್ಕೆ ಏನೂ ತೊಂದರೆಯಿಲ್ಲ ಎಂದು ಖಚಿತ ಮಾಡಿಕೊಂಡ ಮೇಲೆ ಕೇಳಿದರು: “ಮನೆಯಲ್ಲಿ ಇನ್ಯಾರಿಗಾದ್ರೂ ಹೀಗಾಗುತ್ತಾ?”

“ಇವರ ಕಡೆ ಯಾರಿಗೆ ಆಗಲ್ಲ ಅಂತ ಕೇಳಿ, ಡಾಕ್ಟರಮ್ಮ, ಬೇಗ ಮುಗಿಯುತ್ತೆ!”

“ನಿಮ್ಮ ಕಡೆ?”

“ನಮ್ಮ ಕಡೆ ಒಂದು ನರಪಿಳ್ಳೆಗೂ ಇಲ್ಲ.”

ಡಾಕ್ಟರಮ್ಮ ನಕ್ಕು ಬಿಡಿಸಿ ಹೇಳಿದರು. ಕೆಲವರಿಗೆ ರಕ್ತವನ್ನೋ ಸೂಜಿಯನ್ನೋ ಕಂಡಾಗ ಹೃದಯದ ಬಡಿತ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ರಕ್ತನಾಳಗಳು ಸಡಿಲವಾಗುತ್ತವೆ. ರಕ್ತ ಕಾಲಿನ ಕಡೆ ಇಳಿದು ತಲೆಗೆ ಸಾಲದೆ ಹೋಗುತ್ತದೆ. ಆಗ ಮನುಷ್ಯ ಬೀಳುತ್ತಾನೆ. ಮಲಗಿದರೆ ರಕ್ತ ತಲೆಗೆ ಸುಲಭವಾಗಿ ತಲುಪುತ್ತದೆ, ಎಚ್ಚರವೂ ಬರುತ್ತದೆ. “ಇದು ಮೂಗು ಕಿವಿಗಳ ಹಾಗೆ ಮನೆತನದಲ್ಲಿ ಬರೋದು. ಪುಕ್ಕಲುತನ ಅಲ್ಲ,” ಎಂದರು.

“ಕೇಳಿಸ್ಕೊಂಡ್ಯಾ? ಪುಕ್ಕಲುತನ ಅಲ್ಲ!” ಟೈಲರಪ್ಪ ಕಾಲರ್ ಸರಿಮಾಡಿಕೊಂಡ.

“ಬಿದ್ದೋರನ್ನ ಎಬ್ಬಿಸಿ ಕೂರಿಸಬಾರದು. ಚಪ್ಪಟೆ ಮಲಗಿಸಿ, ಕಾಲು ಎತ್ತಿ ಹಿಡೀಬೇಕು.”

ಟೈಲರಪ್ಪನ ಕಾಲರ್ ಮತ್ತೆ ಕುಸಿಯಿತು. “ಕೂರಿಸಬಾರದಾ? ಅಯ್ಯೋ, ನಮ್ಮಪ್ಪನ್ನ ಜೀವಮಾನವಿಡೀ ಕೂರಿಸಿ ಕೂರಿಸಿಯೇ ಬೀಳಿಸಿದ್ವಲ್ಲ!”

ಆಮೇಲೆ ಡಾಕ್ಟರಮ್ಮ ಮುನ್ಸೂಚನೆಗಳನ್ನು ಹೇಳತೊಡಗಿದರು. ಆಕಳಿಕೆ, ಬೆವರು, ಕಿವಿಯಲ್ಲಿ ಗುಂಯ್‌ಗುಟ್ಟುವುದು, ಕಣ್ಣು ಮಂಜಾಗುವುದು, ಮೈಯೆಲ್ಲ ಬಿಸಿಯಾಗಿ ಗಾಳಿ ಬೇಕು ಗಾಳಿ ಬೇಕು ಅನ್ನಿಸುವುದು. ಸರಿಯಾಗಿ ಅದೇ ಹೊತ್ತಿಗೆ ಟೈಲರಪ್ಪ ಗೋಡೆಯ ಮೇಲಿದ್ದ ಹೃದಯದ ಚಿತ್ರವನ್ನು ನೋಡಿ ಬಾಯಗಲಿಸಿ ಆಕಳಿಸಿದ. ಕಂಡಕ್ಟರಮ್ಮ ಅವನ ಪಕ್ಕೆಗೆ ತಿವಿದು ಬೈಯುವುದರಲ್ಲಿ ಮಗ್ನಳಾಗಿದ್ದರಿಂದ ಕೊನೆಯ ಮಾತು ಅವಳ ಕಿವಿಗೆ ಬೀಳಲಿಲ್ಲ.

ಬೀಳದಿರಲು ಡಾಕ್ಟರಮ್ಮ ಕಲಿಸಿದ ಉಪಾಯ ಸರಳ. ಮುನ್ಸೂಚನೆ ಕಂಡ ಕೂಡಲೇ ಮುಷ್ಟಿ, ತೋಳು, ಹೊಟ್ಟೆ, ತೊಡೆ ಎಲ್ಲವನ್ನೂ ಒಟ್ಟಿಗೆ ಬಿಗಿಹಿಡಿಯಬೇಕು. ಮುಖ ಬೆಚ್ಚಗಾದ ಮೇಲೆ ಸಡಿಲ ಬಿಡಬೇಕು. ಮತ್ತೆ ಬಿಗಿ, ಮತ್ತೆ ಸಡಿಲ. ಇಳಿಯುವ ರಕ್ತದೊತ್ತಡ ಇದರಿಂದ ಮೇಲೇರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬಾರದು, ನೀರು ಚೆನ್ನಾಗಿ ಕುಡಿಯಬೇಕು, ದಿನವೂ ಅಭ್ಯಾಸ ಮಾಡಬೇಕು.

“ಅಭ್ಯಾಸ ನನಗೆ ಬಿಡಿ,” ಎಂದಳು ಕಂಡಕ್ಟರಮ್ಮ.

ಆ ಸಂಜೆಯಿಂದಲೇ ಮನೆಯಲ್ಲಿ ತರಬೇತಿ ಶುರುವಾಯಿತು. ಬಸ್ಸು ನಿಲ್ಲಿಸಲು ಕಂಡಕ್ಟರು ಕೂಗುವುದು ‘ಹೋಲ್ಡಾನ್’, ಬಿಡಲು ಕೂಗುವುದು ‘ರೈಟ್’. ಮನೆಗೂ ಅದೇ ಕಾನೂನು ಜಾರಿಯಾಯಿತು. ಅವಳು “ಹೋಲ್ಡಾನ್!” ಎಂದರೆ ಅಪ್ಪ, ಮಗಳು ಎಲ್ಲಿದ್ದರೂ ಹೇಗಿದ್ದರೂ ಮೈ ಬಿಗಿಹಿಡಿಯಬೇಕು. “ರೈಟ್!” ಎಂದರೆ ಬಿಡಬೇಕು. ಹಲ್ಲುಜ್ಜುವಾಗ ಹೋಲ್ಡಾನ್, ಅನ್ನ ಕಲಸುವಾಗ ಹೋಲ್ಡಾನ್. ಮೊದಲು ಟೊಮೆಟೊ ಹಿಸುಕಿ ನೋಡಿದರು, ಆಮೇಲೆ ಬೀಟ್‌ರೂಟ್ ರಸ, ಆಮೇಲೆ ಖಾಲಿ ಸಿರಿಂಜು. ಬೀಟ್‌ರೂಟ್ ರಸಕ್ಕೆ ಟೈಲರಪ್ಪ ಒಮ್ಮೆ ಯೋಚನೆಗೆ ಬಿದ್ದ. ಮಗಳೇ ಅವನನ್ನು ಚಪ್ಪಟೆ ಮಲಗಿಸಿ ಕಾಲನ್ನು ಹೊಲಿಗೆಯಂತ್ರದ ಮೇಲಿಟ್ಟಳು. ಕಣ್ಣು ಬಿಟ್ಟವನು, “ಎಷ್ಟು ಹಾಯಾಗಿದೆ! ನಮ್ಮಪ್ಪ ಇದನ್ನ ನೋಡದೇ ಹೋದ್ರಲ್ಲ,” ಎಂದು ಕಣ್ಣೊರೆಸಿಕೊಂಡ.

ಅವನು ಅಂಗಡಿಯಲ್ಲೂ ಅಭ್ಯಾಸ ಬಿಡಲಿಲ್ಲ. ಗಿರಾಕಿಯೊಬ್ಬನ ಎದೆಯ ಅಳತೆ ತೆಗೆಯುತ್ತ ತೆಗೆಯುತ್ತ ಟೈಲರಪ್ಪ ಹಠಾತ್ತನೆ ಮುಷ್ಟಿ ಬಿಗಿದು, ಹಲ್ಲು ಕಚ್ಚಿ, ಕೆಂಪಗಾದದ್ದನ್ನು ಕಂಡು ಆ ಪಾಪದ ಮನುಷ್ಯ, “ಅರ್ಜೆಂಟೇನಿಲ್ಲ ಟೈಲರಪ್ಪ, ನಿಧಾನಕ್ಕೇ ಕೊಡಿ,” ಎಂದು ಅಳತೆಪಟ್ಟಿಯ ಸಮೇತ ಓಡಿಹೋದ. ಅದಕ್ಕಿಂತ ದೊಡ್ಡ ಅನಾಹುತ ಆದದ್ದು ಬಸ್ಸಿನಲ್ಲಿ. ಟೈಲರಪ್ಪ ದಾರದುಂಡೆ ತರಲು ಹೆಂಡತಿಯ ಬಸ್ಸನ್ನೇ ಹತ್ತಿ ಹಿಂದಿನ ಸೀಟಿನಲ್ಲಿ ಕೂತಿದ್ದ. ಅವಳು ಎಂದಿನಂತೆ “ಹೋಲ್ಡಾನ್!” ಎಂದು ಕೂಗಿದಳು. ಬಸ್ಸು ನಿಂತಿತು, ಟೈಲರಪ್ಪ ಮೈ ಬಿಗಿದ. ಅಷ್ಟರಲ್ಲಿ ಎದುರಿಗೊಂದು ಲಾರಿ ಕೆಟ್ಟುನಿಂತು ರಸ್ತೆಯೇ ಕಟ್ಟಿಹೋಯಿತು. ‘ರೈಟ್’ ಬರಲೇ ಇಲ್ಲ. ಕೊನೆಗೆ ಪಕ್ಕದ ಅಜ್ಜಿಯೊಬ್ಬರು, “ಕಂಡಕ್ಟರಮ್ಮ, ಇಲ್ಲೊಬ್ರು ಒಡೆಯೋ ಹಂಗಿದ್ದಾರೆ, ಬಂದು ನೋಡ್ರೀ!” ಎಂದು ಕೂಗಿದರು.

ಆದರೂ ಫಲ ಸಿಕ್ಕಿತು. ಮಗಳು ಮೊದಲು ಸಿರಿಂಜು ನೋಡಿ ನಿಂತಳು, ಆಮೇಲೆ ಗೆಳತಿ ರಕ್ತ ತೆಗೆಯುವುದನ್ನು ನೋಡಿ ನಿಂತಳು. ಬಿಳುಚುತ್ತಿದ್ದಳು, ಬೆವರುತ್ತಿದ್ದಳು, ಆದರೆ ತೊಡೆ ಬಿಗಿದುಕೊಂಡು ನಿಲ್ಲುತ್ತಿದ್ದಳು. ಉಳಿದದ್ದು ಪರೀಕ್ಷೆ. ನಿಜವಾದ ಮನುಷ್ಯನ ನಿಜವಾದ ತೋಳಿನಿಂದ ತಾನೇ ರಕ್ತ ತೆಗೆಯಬೇಕು. ತೋಳು ಕೊಡುವವರನ್ನು ಮನೆಯಿಂದಲೇ ಕರೆತರಬಹುದಿತ್ತು.

“ನಾನು ಕೊಡ್ತೀನಿ,” ಎಂದ ಟೈಲರಪ್ಪ. ಪಾಪ, ಹೇಳುವಾಗಲೇ ಆಕಳಿಸಿದ.

“ನೀವು ಸುಮ್ನಿರಿ. ನನ್ನ ಕೈ ಏನಾಗಿದೆ?” ಎಂದಳು ಕಂಡಕ್ಟರಮ್ಮ. “ವಂಶದಲ್ಲಿ ಒಬ್ರಾದ್ರೂ ನೆಟ್ಟಗೆ ಕೂತಿರೋದು ಬೇಡ್ವಾ?”

ಪರೀಕ್ಷೆಯ ಬೆಳಿಗ್ಗೆ ಚಳಿಯೋ ಚಳಿ. ಎಲ್ಲರೂ ಸ್ವೆಟರ್ ಹಾಕಿದ್ದರು. ಕಂಡಕ್ಟರಮ್ಮ ಮಾತ್ರ ತೋಳು ಮೇಲೇರಿಸಿ ಕುರ್ಚಿಯಲ್ಲಿ ಸಿಂಹಾಸನದ ಮೇಲೆ ಕೂತಂತೆ ಕೂತಿದ್ದಳು. ಟೈಲರಪ್ಪನಿಗೆ ಮೂಲೆಯ ಸ್ಟೂಲು ಸಿಕ್ಕಿತು. ಮೇಟ್ರನ್ ಒಂದೇ ಒಂದು ನಿಯಮ ಹೇಳಿದರು: “ಕೈ ಕೊಟ್ಟವರು ಮಾತಾಡಬಾರದು. ಒಂದಕ್ಷರ ಕೂಡ.” ಕಂಡಕ್ಟರಮ್ಮನ ಜೀವನದಲ್ಲಿ ಇಷ್ಟು ಕಠಿಣವಾದ ನಿಯಮ ಅದುವರೆಗೆ ಬಂದಿರಲಿಲ್ಲ.

ಇಲ್ಲೊಂದು ಮಾತು ಹೇಳಬೇಕು. ಇಂಜೆಕ್ಷನ್ ಎಂದರೆ ಅವಳು ಯಾವಾಗಲೂ ಮುಖ ಆಚೆ ತಿರುಗಿಸಿಕೊಂಡು, ಚುಚ್ಚುವವರಿಗೆ, ಸರಿಯಾಗಿ ಹಿಡಿದುಕೊಳ್ಳದ ಗಂಡನಿಗೆ, ಬಾಗಿಲಲ್ಲಿ ನಿಂತವರಿಗೆ, ಎಲ್ಲರಿಗೂ ಬೈಯುತ್ತಿದ್ದವಳು. ಬೈದು ಮುಗಿಯುವುದರೊಳಗೆ ಚುಚ್ಚುವುದೂ ಮುಗಿದಿರುತ್ತಿತ್ತು. ಇವತ್ತು ಬೈಯುವ ಹಾಗಿಲ್ಲ. ಮುಖ ತಿರುಗಿಸುವ ಮನಸ್ಸೂ ಆಗಲಿಲ್ಲ. ಯಾಕೆಂದರೆ ಎದುರಿಗಿದ್ದವಳು ಮಗಳು. ಅವಳ ಕಾಲು ಬಿಗಿದಿತ್ತು, ಹಣೆ ಬೆವರಿತ್ತು, ಆದರೆ ಕೈ ಮಾತ್ರ ಅಪ್ಪ ಸೂಜಿಗೆ ದಾರ ಪೋಣಿಸುವಾಗಿನ ಹಾಗೆ ಅಲುಗದೆ ನಿಂತಿತ್ತು. ಬೊಂಬೆಗೆ ಅಳತೆಪಟ್ಟಿ ಸುತ್ತುತ್ತಿದ್ದ ಕೈ ಇದೇ ಅಲ್ಲವೇ ಎಂದು ಕಂಡಕ್ಟರಮ್ಮನ ಎದೆ ತುಂಬಿಬಂತು. ಕಣ್ತುಂಬ ನೋಡಿದಳು.

ನೋಡಿದ್ದೇ ತಪ್ಪಾಯಿತು. ಕೊಳವೆಯೊಳಗೆ ಕಡುಗೆಂಪಗೆ ಏನೋ ಏರುತ್ತಿತ್ತು. ತನ್ನದೇ.

“ಫ್ಯಾನ್ ಇಲ್ವಾ ಇಲ್ಲಿ?” ಎಂದಳು, ನಿಯಮ ಮರೆತು. “ಏನು ಸೆಖೆ!”

ಮೂಲೆಯಲ್ಲಿ ಮಫ್ಲರ್ ಸುತ್ತಿಕೊಂಡು ನಡುಗುತ್ತಿದ್ದ ಟೈಲರಪ್ಪ ತಲೆಯೆತ್ತಿದ. ಅಪ್ಪ, ಮಗಳು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಕಂಡಕ್ಟರಮ್ಮ ಬಾಯಿ ತುಂಬ ಆಕಳಿಸಿದಳು. ಆ ಆಕಳಿಕೆಯ ಅರ್ಥ ಆ ಇಬ್ಬರಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಮಗಳು ತಡಬಡಾಯಿಸದೆ ತೋಳಿಗೆ ಬಿಗಿದಿದ್ದ ಪಟ್ಟಿ ಬಿಚ್ಚಿ, ಸೂಜಿ ಹೊರತೆಗೆದು, ಹತ್ತಿ ಒತ್ತಿದಳು. ಟೈಲರಪ್ಪ ಸ್ಟೂಲಿನಿಂದ ಹಾರಿ ಎದ್ದು, ಸಂಸಾರದಲ್ಲಿ ಮೊಟ್ಟಮೊದಲ ಬಾರಿಗೆ ಹೆಂಡತಿಯ ಮೇಲೆ ದನಿಯೆತ್ತಿ ಕೂಗಿದ:

“ಹೋಲ್ಡಾನ್!”

ಎಷ್ಟೋ ವರ್ಷದ ಅಭ್ಯಾಸ. ಕಂಡಕ್ಟರಮ್ಮ ಅರೆಗಣ್ಣಿನಲ್ಲೇ ಸುತ್ತ ನೋಡಿ, “ಯಾರ್ರೀ ಇಳಿಯೋರು?” ಎಂದು ಕೇಳಿದಳು.

ಕೇಳಿ, ತಾನೇ ಇಳಿದಳು.

ಕಣ್ಣು ಬಿಟ್ಟಾಗ ಅವಳು ನೆಲದ ಮೇಲೆ ಚಪ್ಪಟೆ ಮಲಗಿದ್ದಳು. ಎರಡೂ ಪಾದಗಳು ಟೈಲರಪ್ಪನ ಹೆಗಲ ಮೇಲಿದ್ದವು. ಮಗಳು ನಾಡಿ ಹಿಡಿದು ಕೂತಿದ್ದಳು. ಮೇಟ್ರನ್ ಕನ್ನಡಕ ತೆಗೆದು ಒರೆಸುತ್ತ, “ರಕ್ತ ತೆಗೆದದ್ದಕ್ಕೆ ಪಾಸು. ಹೆತ್ತಮ್ಮ ಬಿದ್ರೂ ತಾನು ಬೀಳದೇ ಇದ್ದದ್ದಕ್ಕೆ ನನ್ನ ಕಡೆಯಿಂದ ಶಭಾಷ್,” ಎನ್ನುತ್ತಿದ್ದರು.

“ನಾನೇನೂ ಬಿದ್ದಿಲ್ಲ,” ಎಂದಳು ಕಂಡಕ್ಟರಮ್ಮ ನೆಲದಿಂದಲೇ. “ಸೆಖೆ.”

“ಹೌದು, ಸೆಖೆಯೇ,” ಎಂದ ಟೈಲರಪ್ಪ, ಮಫ್ಲರ್ ಬಿಚ್ಚಿ ಅವಳಿಗೆ ಗಾಳಿ ಹಾಕುತ್ತ. ಅವನ ಮೀಸೆಯಡಿಯಲ್ಲಿ ಇಡೀ ವಂಶದ ನಗು ಅಡಗಿತ್ತು.

ಸಂಜೆ ಡಾಕ್ಟರಮ್ಮ ಎಲ್ಲವನ್ನೂ ಕೇಳಿ, ಕಂಡಕ್ಟರಮ್ಮನ ಎದೆಗೂ ವೈರು ಅಂಟಿಸಿ ನೋಡಿ, ತಲೆದೂಗಿದರು. “ಹೃದಯ ಚೆನ್ನಾಗಿದೆ. ಆದ್ರೆ ಇದು ನಿಮಗೂ ಇದೆಯಮ್ಮ. ಬೈಯೋವಾಗ ಮೈ ಬಿಗಿಯಾಗುತ್ತೆ, ರಕ್ತದೊತ್ತಡ ಏರುತ್ತೆ. ಇಷ್ಟು ವರ್ಷ ನೀವು ಬೈಗುಳದ ಬಲದ ಮೇಲೇ ನಿಂತಿದ್ರಿ ಅಂತ ಕಾಣುತ್ತೆ.”

“ಅಂದ್ರೆ ನನ್ನ ಬಲದ ಮೇಲೆ,” ಎಂದ ಟೈಲರಪ್ಪ. “ಬೈಸಿಕೊಂಡೋನು ನಾನಲ್ವಾ?”

ಮನೆಗೆ ಬಂದವಳೇ ಕಂಡಕ್ಟರಮ್ಮ ತಾಯಿಗೆ ಫೋನು ಹಚ್ಚಿದಳು. ಇದು ತನ್ನ ಕಡೆಯಿಂದ ಬಂದದ್ದಲ್ಲ ಎಂದು ತಾಯಿಯ ಬಾಯಿಂದಲೇ ಹೇಳಿಸಿ, ಗಂಡ, ಮಗಳು ಇಬ್ಬರ ಬಾಯನ್ನೂ ಮುಚ್ಚಿಸಬೇಕಿತ್ತು. ಅದಕ್ಕೇ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಒತ್ತಿದಳು.

“ಅಮ್ಮಾ, ನಮ್ಮ ಮನೇಲಿ ಯಾರಾದ್ರೂ ಎಚ್ಚರ ತಪ್ಪಿ ಬಿದ್ದದ್ದುಂಟಾ?”

“ಛೆ ಛೆ! ಬಿಡ್ತು ಅನ್ನು. ನಮ್ಮ ಮನೆತನದಲ್ಲಿ ಅಂಥದ್ದೆಲ್ಲ ಇಲ್ಲ.”

ಕಂಡಕ್ಟರಮ್ಮ ಗಂಡನ ಕಡೆ ತಿರುಗಿ ಹುಬ್ಬು ಹಾರಿಸಿದಳು. ತಾಯಿ ನಿಲ್ಲಿಸಲಿಲ್ಲ.

“ಸೆಖೆ ಒಂದು ಇದೆ, ಅಷ್ಟೆ. ನಿಮ್ಮಜ್ಜಿ ಮೂಗು ಚುಚ್ಚಿಸೋವಾಗ ಸೆಖೆಯಾಗಿ ಮಲಗಿಬಿಟ್ರು. ನಿನ್ನ ದೊಡ್ಡಮಾವನಿಗೆ ಹಲ್ಲು ಕೀಳಿಸೋವಾಗ ಸೆಖೆಯಾಯ್ತು, ಡಾಕ್ಟರ ಮೇಲೇ ಮಲಗಿದ. ನನಗೆ ನಿನ್ನ ತಮ್ಮ ಮಂಡಿ ಒಡ್ಕೊಂಡು ಬಂದಾಗೆಲ್ಲ ಸೆಖೆ.”

ಈಗ ಹುಬ್ಬು ಹಾರಿಸುವ ಸರದಿ ಟೈಲರಪ್ಪನದು. ಫ್ಯಾನು ಗರಗರ ಎನ್ನುತ್ತಿತ್ತು.

“ಮತ್ತೆ... ಮದುವೆಗೆ ಮುಂಚೆ ಇದನ್ನ ಇವರ ಮನೆಯೋರಿಗೆ ಹೇಳಬೇಕಿತ್ತಲ್ಲಮ್ಮ?”

“ಹೇಳದೇ ಇರ್ತೀವೇನೇ? ಸಂಬಂಧ ಮಾತಾಡೋಕೆ ಬಂದ ದಿನವೇ ಹೇಳಿದ್ವಿ, ಹುಡುಗಿಗೆ ಸೆಖೆ ತಡೆಯೋದಿಲ್ಲ, ಸ್ವಲ್ಪ ಅರ್ಥ ಮಾಡ್ಕೊಂಡು ಹೋಗಿ ಅಂತ. ಪಾಪ, ನಿಮ್ಮಾವ ಎಷ್ಟು ಒಳ್ಳೆಯವರು! ಅದಕ್ಕೇ ಅಲ್ವಾ ಮದುವೆಗೆ ಆ ಫ್ಯಾನ್ ತಂದುಕೊಟ್ಟದ್ದು?”

ಕಂಡಕ್ಟರಮ್ಮ ಫೋನು ಕೆಳಗಿಟ್ಟಳು. ಫ್ಯಾನನ್ನು ನೋಡಿದಳು. ಗಂಡನನ್ನು ನೋಡಿದಳು. ಬೈಯಲು ಬಾಯಿ ತೆರೆದಳು. ಏನೂ ಬರಲಿಲ್ಲ. ಹಾಗೇ ಕುರ್ಚಿಗೆ ಒರಗಿದಳು.

“ಯಾಕಮ್ಮ ಸುಮ್ಮನಾದೆ?” ಎಂದು ಮಗಳು ಕೇಳಿದಳು.

“ಏನಿಲ್ಲ ಬಿಡೇ,” ಎಂದಳು ಕಂಡಕ್ಟರಮ್ಮ ಮೆಲ್ಲಗೆ. “ಯೋಚನೆಗೆ ಬಿದ್ದೆ.”

ಮಾತು ಇನ್ನೂ ಬಾಯಲ್ಲೇ ಇತ್ತು. ಟೈಲರಪ್ಪ “ಹಿಡ್ಕೋ ಮಗಳೇ!” ಎಂದ. ತರಬೇತಾದ ಜನ. ಕಣ್ಣು ಮಿಟುಕಿಸುವುದರೊಳಗೆ ಇಬ್ಬರೂ ಸೇರಿ ಅವಳನ್ನು ನೆಲದ ಮೇಲೆ ಚಪ್ಪಟೆ ಮಲಗಿಸಿ, ಕಾಲೆರಡನ್ನೂ ಎತ್ತಿ ಹಿಡಿದಿದ್ದರು. “ಬಿಡ್ರೀ, ನಾನು ನಿಜವಾಗ್ಲೂ ಯೋಚನೆ ಮಾಡ್ತಿದ್ದೆ!” ಎಂದು ಅವಳು ಎಷ್ಟು ಕೂಗಿದರೂ ಕಾಲು ಬಿಡಲಿಲ್ಲ.

“ನಮ್ಮಪ್ಪನೂ ಹೀಗೇ ಹೇಳ್ತಿದ್ರು ಕಣೇ,” ಎಂದ ಟೈಲರಪ್ಪ, ಫ್ಯಾನನ್ನು ಅವಳ ಕಡೆ ತಿರುಗಿಸುತ್ತ.